ಎರೆಮಣ್ಣಿನ ಊರಿನಲ್ಲಿ ಚಪ್ಪಲಿ ಆರ್ಕಿಡ್: ಕುಂಡಕ್ಕೆ ಏನು ತುಂಬಬೇಕು?

ಮನೆಯೊಳಗೆ ಬೆಳೆಸುವ ಗಿಡಗಳನ್ನು ಕುರಿತು ನಾವು ಪ್ರಸಾರ ಮಾಡಿದ ಮಾತುಕತೆಯ ನಂತರ ಹಲವು ಪತ್ರಗಳು ಬಂದವು. ಅವುಗಳಲ್ಲಿ ಒಂದು ನನ್ನ ಮೇಜಿನ ಮೇಲೆಯೇ ಬಹಳ ದಿನ ಉಳಿಯಿತು. ಬರೆದವರು ಕಲಬುರಗಿ ಜಿಲ್ಲೆ ಕಮಲಾಪುರ ತಾಲ್ಲೂಕಿನ ಮಹಾಗಾಂವದ ಒಬ್ಬ ನಿವೃತ್ತ ಶಿಕ್ಷಕಿ. ಮದುವೆಯಾಗಿ ದೂರದ ಊರಿಗೆ ಹೋದ ಮಗಳು ಹೂವಿರುವ ಚಪ್ಪಲಿ ಆರ್ಕಿಡ್ ಒಂದನ್ನು ತಂದುಕೊಟ್ಟಿದ್ದಳಂತೆ. ಹೂವು ಎರಡು ತಿಂಗಳು ನಿಂತಿತು. ಆಮೇಲೆ ಎಲೆಗಳು ಒಂದೊಂದಾಗಿ ಹಳದಿಯಾಗತೊಡಗಿದವು. "ಮಣ್ಣು ತಪ್ಪೋ, ನೀರು ತಪ್ಪೋ, ಅಥವಾ ನಮ್ಮ ಊರೇ ತಪ್ಪೋ, ದಯವಿಟ್ಟು ತಿಳಿಸಿ" ಎಂದು ಅವರು ಕೇಳಿದ್ದರು.

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಪುಟದ ಮೇಲೆ ಸ್ವಲ್ಪ ನಿಧಾನವಾಗಿ ಹೇಳಬಹುದು. ಮೊದಲಿಗೇ ಒಂದು ಮಾತು: ತಪ್ಪು ಊರಿನದಲ್ಲ.

ಚಪ್ಪಲಿ ಆರ್ಕಿಡ್ ಎಂದರೆ ಯಾವುದು? ಹೂವಿನ ಕೆಳಗಿನ ದಳವು ಮುಂಭಾಗ ಮುಚ್ಚಿದ ಪಾದರಕ್ಷೆಯಂತೆ, ಒಂದು ಚಿಕ್ಕ ಚೀಲದಂತೆ ಉಬ್ಬಿಕೊಂಡಿರುತ್ತದೆ. ಒಳಗೆ ಜಾರಿದ ಕೀಟಕ್ಕೆ ಬಂದ ದಾರಿಯಲ್ಲಿ ಹಿಂದಿರುಗಲು ಆಗುವುದಿಲ್ಲ. ಹಿಂಬದಿಯ ಇಕ್ಕಟ್ಟಾದ ದಾರಿಯಲ್ಲಿ ಶಲಾಕಾಗ್ರವನ್ನೂ ಪರಾಗವನ್ನೂ ಸವರಿಕೊಂಡೇ ಹೊರಬರಬೇಕು. ಮಕರಂದವೇನೂ ಸಿಗುವುದಿಲ್ಲ, ಬರೀ ಮೋಸ. ಸಸ್ಯಶಾಸ್ತ್ರದಲ್ಲಿ ನಮ್ಮ ಏಷ್ಯಾದ ಈ ಕುಲದ ಹೆಸರು ಪ್ಯಾಫಿಯೋಪೆಡಿಲಮ್. ಗ್ರೀಕರ ಪ್ರೇಮದೇವತೆಯ ಪಾದರಕ್ಷೆ ಎಂಬ ಅರ್ಥದಿಂದ ಬಂದ ಪದ. ಭಾರತದಲ್ಲಿ ಇದರ ಹೆಚ್ಚಿನ ಪ್ರಭೇದಗಳು ಅಸ್ಸಾಂ, ಮೇಘಾಲಯ, ಅರುಣಾಚಲ, ಮಣಿಪುರದ ಕಡೆಯವು. ದಕ್ಷಿಣಕ್ಕೆ ಇರುವುದು ಒಂದೇ ಒಂದು: ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯ ಎತ್ತರದಲ್ಲಿ ಬೆಳೆಯುವ, ಹಳದಿ ಹೂವಿನ ನಡುವೆ ಕಂದು ಗೆರೆ ಎಳೆದಂತಿರುವ ಡ್ರೂರಿ ಪ್ರಭೇದ. ಬೆಡ್ಡೋಮ್ ಎಂಬ ಸಸ್ಯಶಾಸ್ತ್ರಜ್ಞ 1874ರಲ್ಲಿ ಇದನ್ನು ವರ್ಣಿಸಿದ. ಈಗ ಕಾಡಿನಲ್ಲಿ ಅದು ಅಳಿವಿನ ಅಂಚಿನಲ್ಲಿದೆ. ನಮ್ಮ ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಆದರೆ ಚಪ್ಪಲಿ ಆರ್ಕಿಡ್ಡಿಗೂ ಅದಕ್ಕೂ ಬಾಳುವ ರೀತಿಯಲ್ಲಿ ಬಹಳ ವ್ಯತ್ಯಾಸವಿದೆ. ಕುಂಡದ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಸೀತಾಳೆ ದಂಡೆ ಮರದ ತೊಗಟೆಗೆ ಬೇರು ಅಂಟಿಸಿಕೊಂಡು ಗಾಳಿಯಲ್ಲಿ ನೇತಾಡುತ್ತದೆ. ಚಪ್ಪಲಿ ಆರ್ಕಿಡ್ಡುಗಳಲ್ಲಿ ಬಹುಪಾಲು ಕಾಡಿನ ನೆಲದ ಮೇಲೆ, ಕೊಳೆತ ಎಲೆಯ ಪದರದಲ್ಲಿ, ಇಲ್ಲವೇ ಬಂಡೆಯ ಸಂದಿಯಲ್ಲಿ ಸೇರಿದ ಪಾಚಿ-ತರಗೆಲೆಯಲ್ಲಿ ಬೇರೂರುತ್ತವೆ. ಅನೇಕ ಆರ್ಕಿಡ್ಡುಗಳಿಗೆ ನೀರು ಕೂಡಿಡಲು ಗಡ್ಡೆಯಂಥ ಉಬ್ಬಿದ ಕಾಂಡವಿರುತ್ತದೆ. ಚಪ್ಪಲಿ ಆರ್ಕಿಡ್ಡಿಗೆ ಅದಿಲ್ಲ. ಇರುವುದು ಸ್ವಲ್ಪ ದಪ್ಪನೆಯ ಎಲೆಗಳು, ಕೆಲವೇ ಬೇರುಗಳು. ಆದ್ದರಿಂದ ಬೇರು ಪೂರ್ತಿ ಒಣಗಬಾರದು. ಅದೇ ಬೇರು ಉಸಿರಾಡಲೂ ಬೇಕು. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಗಿಡದ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿದ ನಾವು ನೀರು ಸಾಲಲಿಲ್ಲವೆಂದು ಇನ್ನಷ್ಟು ಸುರಿಯುತ್ತೇವೆ! ಮನೆಯೊಳಗಿನ ಬಹಳಷ್ಟು ಗಿಡಗಳು ಸಾಯುವುದು ಈ ದಯೆಯಿಂದಲೇ.

ಸದಾ ತೇವ, ಸದಾ ಗಾಳಿ. ಒಂದೇ ಕುಂಡದಲ್ಲಿ ಈ ಎರಡನ್ನೂ ಇಡುವುದು ಹೇಗೆ ಎಂಬುದೇ ಸಮಸ್ಯೆ.

ಕಲಬುರಗಿಯ ಎರೆಮಣ್ಣಿನಲ್ಲಿ ಇದು ಯಾಕೆ ಸಾಧ್ಯವಿಲ್ಲ ಎಂದು ನೋಡೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾದ ಕರಿಕಲ್ಲು ಸವೆದು ಆದ ಮಣ್ಣು ಇದು. ಇದರಲ್ಲಿ ಜೇಡಿಯ ಅಂಶ ಬಹಳ. ಜೇಡಿಯ ಕಣವೆಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಅದರಲ್ಲಿಯೂ ಈ ಜಾತಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನೀವು ಕಂಡಿದ್ದೀರಿ. ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿ ಜೋಳ ಮಳೆಯಿಲ್ಲದೆಯೂ ತೆನೆ ಕಟ್ಟುತ್ತದೆ, ನಮ್ಮ ತೊಗರಿ ಹೆಸರು ಮಾಡಿದೆ. ಹೊಲಕ್ಕೆ ವರವಾದದ್ದು ನಾಲ್ಕು ಇಂಚಿನ ಕುಂಡದಲ್ಲಿ ಶಾಪ. ನಾನು ಇದನ್ನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ವಿಜ್ಞಾನದ ಪದವಿ ಪಡೆದ ಹೊಸದರಲ್ಲಿ ಬೆಂಗಳೂರಿನಿಂದ ಇಂಥದೇ ಗಿಡವೊಂದನ್ನು ತಂದು, "ಇಷ್ಟು ಫಲವತ್ತಾದ ಮಣ್ಣು ಬೇರೆಲ್ಲಿದೆ" ಎಂಬ ಹೆಮ್ಮೆಯಿಂದ ಎರೆಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ನೆಟ್ಟೆ. ಐದು ವಾರದಲ್ಲಿ ಗಿಡ ಕೈಗೆ ಬಂತು, ಬೇರು ಮಣ್ಣಿನಲ್ಲೇ ಉಳಿಯಿತು.

ಕಮಲಾಪುರದ ಕಡೆಯ ಕೆಂಪು ಮಣ್ಣು ಆದೀತೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೇ ಸಿಕ್ಕಿದೆ, ನಿಜ. ಆದರೆ ಬಾಳೆಯ ಬೇರು ಬೇರೆ, ಇದರ ಬೇರು ಬೇರೆ. ಚಿಕ್ಕ ಕುಂಡದಲ್ಲಿ ಕೆಂಪು ಮಣ್ಣೂ ಬೇಗನೆ ಕಟ್ಟಿಕೊಳ್ಳುತ್ತದೆ.

ಯಾವ ಮಿಶ್ರಣದಲ್ಲಿ ಎಷ್ಟು ಗಾಳಿ ಇದೆ ಎಂದು ನೀವೇ ಅಳೆಯಬಹುದು. ಸ್ಟುಡಿಯೋದ ಮೇಜಿನ ಮೇಲೆ ಮಾಡಿ ತೋರಿಸಲು ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಒಂದು ಲೀಟರ್ ಹಿಡಿಸುವ ಪ್ಲಾಸ್ಟಿಕ್ ಕುಂಡದ ತೂತುಗಳಿಗೆ ಅಂಟುಪಟ್ಟಿ ಹಚ್ಚಿ. ಹಿಂದಿನ ದಿನವೇ ನೆನೆಸಿ ಬಸಿದಿಟ್ಟ ಮಿಶ್ರಣವನ್ನು ಅಂಚಿನವರೆಗೆ ತುಂಬಿ. ನೀರು ಮೇಲೆ ಕಾಣಿಸುವವರೆಗೆ ನಿಧಾನವಾಗಿ ಹಾಕಿ. ಈಗ ಕೆಳಗೆ ಬೋಗುಣಿ ಇಟ್ಟು ಪಟ್ಟಿ ಕಿತ್ತು ಹತ್ತು ನಿಮಿಷ ಬಿಡಿ. ಬೋಗುಣಿಗೆ ಇಳಿದ ನೀರನ್ನು ಅಳೆಯಿರಿ. ಇಳಿದ ನೀರಿನ ಜಾಗಕ್ಕೆ ಬಂದದ್ದು ಗಾಳಿಯೇ ತಾನೆ? 300 ಮಿಲಿಲೀಟರ್ ಇಳಿದರೆ ನೂರಕ್ಕೆ 30 ಭಾಗ ಗಾಳಿ. ಚಪ್ಪಲಿ ಆರ್ಕಿಡ್ಡಿಗೆ 25ರಿಂದ 40 ಇದ್ದರೆ ಒಳ್ಳೆಯದು. ತೋಟದ ಮಣ್ಣನ್ನು ಹೀಗೆ ಅಳೆದರೆ 10 ದಾಟುವುದು ಅಪರೂಪ. ಆರು ತಿಂಗಳಿಗೊಮ್ಮೆ ಖಾಲಿ ಕುಂಡದಲ್ಲಿ ಹಳೆಯ ಮಿಶ್ರಣವನ್ನೂ ಅಳೆದು ನೋಡಿ. ಕೊಳೆತಂತೆಲ್ಲ ಈ ಅಂಕಿ ಇಳಿಯುವುದು ಕಾಣುತ್ತದೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಕೆಣಕಬೇಕಾಗಿದೆ. ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಅಥವಾ ಬೋಕಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ನಮ್ಮ ಹಿರಿಯರೂ, ಬಹಳಷ್ಟು ನರ್ಸರಿಯವರೂ ಹೇಳುತ್ತಾರೆ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಪಾತ್ರೆ ತಿಕ್ಕುವ ದಪ್ಪ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಉದ್ದುದ್ದ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಇಳಿಯುತ್ತದೆ! ಸ್ಪಂಜಿನ ತಳದಲ್ಲಿ ಇಂತಿಷ್ಟು ಎತ್ತರದ ಪದರ ಸದಾ ನೀರು ತುಂಬಿಕೊಂಡೇ ಇರುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ಸಂದುಗಳ ಗಾತ್ರ, ಪಾತ್ರೆಯಲ್ಲ. ತಳಕ್ಕೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿನ ಹತ್ತಿರಕ್ಕೇ ಬರುತ್ತದೆ. ಒಂದು ಬೋಕಿಯ ಚೂರು ತೂತಿನ ಮೇಲಿರಲಿ, ಹುಳ ಬಾರದಂತೆ. ಅಷ್ಟು ಸಾಕು. ಒದ್ದೆ ಪದರವನ್ನು ಕುಗ್ಗಿಸುವ ದಾರಿ ಒಂದೇ, ಮಿಶ್ರಣದ ಚೂರುಗಳೇ ದೊಡ್ಡವಾಗಿರಬೇಕು.

ಹಾಗಾದರೆ ಏನು ತುಂಬಬೇಕು? ಮಣ್ಣನ್ನು ಪೂರ್ತಿ ಮರೆತುಬಿಡಿ.

ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಪೈನ್, ಫರ್ ಜಾತಿಯ ಮರಗಳ ತೊಗಟೆಯ ಚೂರು. ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ, 6ರಿಂದ 12 ಮಿಲಿಮೀಟರಿನಷ್ಟು ಇದ್ದರೆ ಚಪ್ಪಲಿ ಆರ್ಕಿಡ್ಡಿಗೆ ಸರಿ. ಹೊಸ ತೊಗಟೆ ನೀರನ್ನು ಒಲ್ಲೆನೆನ್ನುತ್ತದೆ. ಒಂದು ದಿನ ನೆನೆಸದೆ ಬಳಸಬಾರದು. ನಮ್ಮ ಕಡೆ ತರಿಸಿಕೊಳ್ಳಬೇಕಾದ ವಸ್ತು, ಬೆಲೆಯೂ ಹೆಚ್ಚು.

ಅದಕ್ಕೆ ಜೊತೆಯಾಗಿ ನಮ್ಮ ರಾಜ್ಯದಲ್ಲೇ ಧಾರಾಳವಾಗಿ ಸಿಗುವುದು ತೆಂಗಿನ ಸಿಪ್ಪೆಯ ಚೂರು. ತಿಪಟೂರು, ಅರಸೀಕೆರೆಯ ಕಡೆ ಬೇಕಾದಷ್ಟಿದೆ. ಇದು ತೊಗಟೆಗಿಂತ ಹೆಚ್ಚು ನೀರು ಹಿಡಿಯುತ್ತದೆ, ಒಣಗಿದರೂ ಮತ್ತೆ ಬೇಗ ನೆನೆಯುತ್ತದೆ. ಒಣ ಗಾಳಿಯ ಊರಿಗೆ ಇದು ದೊಡ್ಡ ಅನುಕೂಲ. ಆದರೆ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ. ರಾತ್ರಿಯಿಡೀ ನೆನೆಸಿ, ಕಂದು ನೀರನ್ನು ಚೆಲ್ಲಿ, ಮತ್ತೆ ನೆನೆಸಿ, ಹೀಗೆ ಮೂರು ಸಲ ಮಾಡಬೇಕು. ಸಾಧ್ಯವಾದರೆ ನಡುವೆ ಒಂದು ಸಲ ಲೀಟರಿಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಸಿ. ನಾರಿಗೆ ಅಂಟಿಕೊಂಡ ಸೋಡಿಯಂ ಜಾಗವನ್ನು ಕ್ಯಾಲ್ಸಿಯಂ ಹಿಡಿಯುತ್ತದೆ, ಸೋಡಿಯಂ ನೀರಿನೊಂದಿಗೆ ಹೊರಟುಹೋಗುತ್ತದೆ. ಸವಳು ಭೂಮಿಗೆ ಜಿಪ್ಸಂ ಹಾಕುವ ರೈತರಿಗೆ ಈ ತತ್ವ ಹೊಸದಲ್ಲ. ಇನ್ನೊಂದು ಎಚ್ಚರಿಕೆ: ಸಿಪ್ಪೆಯ ಚೂರು ಬೇರೆ, ನಾರಿನ ಪುಡಿಯ ಇಟ್ಟಿಗೆ ಬೇರೆ. ಪುಡಿಯೊಂದನ್ನೇ ತುಂಬಿದರೆ ಎರೆಮಣ್ಣಿನ ಕಥೆಯೇ ಆಗುತ್ತದೆ.

ಇದ್ದಿಲು ನಮ್ಮ ಜಿಲ್ಲೆಗೆ ಅಪರೂಪವಲ್ಲ. ಜಾಲಿಯ ಇದ್ದಿಲು ಗಟ್ಟಿಯಾಗಿರುತ್ತದೆ, ಕೊಳೆಯುವುದಿಲ್ಲ, ಉಳಿದೆಲ್ಲ ಚೂರುಗಳು ಮೆತ್ತಗಾದಾಗಲೂ ಸಂದುಗಳನ್ನು ತೆರೆದಿಡುತ್ತದೆ. ಬೂದಿ ಹೋಗುವವರೆಗೆ ತೊಳೆಯಿರಿ, ಬೂದಿ ಕ್ಷಾರ. ಪರ್ಲೈಟ್ ಎಂದು ಮಾರುವ ಬಿಳಿ ಹರಳು ಒಂದು ಜಾತಿಯ ಜ್ವಾಲಾಮುಖಿ ಗಾಜು. ಸುಮಾರು 900 ಡಿಗ್ರಿಗೆ ಕಾಯಿಸಿದಾಗ ಪಂಚಮಿಯ ಜೋಳದ ಅರಳಿನಂತೆ ಅರಳುತ್ತದೆ. ದೂಳು ಮೂಗಿಗೆ ಹೋಗದಂತೆ ಮೊದಲು ನೀರು ಚಿಮುಕಿಸಿ. ಸಿಗದಿದ್ದರೆ ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು ನಡೆಯುತ್ತದೆ. ಭಾರ ಹೆಚ್ಚು, ಅಷ್ಟೇ.

ಶಹಾಬಾದ ಕಲ್ಲಿನ ಚೂರು ಹಾಕಬಹುದೇ ಎಂಬ ಪ್ರಶ್ನೆ ಕಲಬುರಗಿಯವರಿಂದ ಬರದೇ ಇರುವುದಿಲ್ಲ. ಕೆಲವು ಪ್ರಭೇದಗಳು ಸುಣ್ಣಕಲ್ಲಿನ ಬಂಡೆಯ ಮೇಲೆಯೇ ಬೆಳೆಯುವುದು ನಿಜ, ಶಹಾಬಾದ ಹಾಸುಗಲ್ಲೂ ಸುಣ್ಣಕಲ್ಲೇ. ಆದರೆ ನಮ್ಮ ಕೊಳವೆಬಾವಿಯ ನೀರು ಬೇಕಾದಷ್ಟು ಸುಣ್ಣವನ್ನು ತಾನೇ ಹೊತ್ತು ತರುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯೊಳಗಿನ ಬಿಳಿ ಪದರ ನೋಡಿ. ಕಲ್ಲನ್ನು ಮನೆಯ ನೆಲಕ್ಕೇ ಬಿಡೋಣ.

ಪ್ರಮಾಣಕ್ಕೆ ಬರೋಣ. ಬೆಂಗಳೂರಿನವರು, ಮಡಿಕೇರಿಯವರು ಹೇಳುವ ಲೆಕ್ಕ ಮಹಾಗಾಂವಕ್ಕೆ ಒಪ್ಪುವುದಿಲ್ಲ. ಇಲ್ಲಿ ಏಪ್ರಿಲ್-ಮೇಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಬರೀ ತೊಗಟೆ ತುಂಬಿದರೆ ಸಂಜೆಯೊಳಗೆ ಒಣಗಿ ಕಟಕಟ ಎನ್ನುತ್ತದೆ. ನಾನು ಸೂಚಿಸುವುದು ಅಳತೆಯ ಡಬ್ಬಿಯಲ್ಲಿ ತೊಗಟೆ ನಾಲ್ಕು ಪಾಲು, ತೊಳೆದ ತೆಂಗಿನ ಸಿಪ್ಪೆ ಮೂರು ಪಾಲು, ಇದ್ದಿಲು ಎರಡು ಪಾಲು, ಪರ್ಲೈಟ್ ಅಥವಾ ಇಟ್ಟಿಗೆ ಚೂರು ಒಂದು ಪಾಲು. ತೊಗಟೆ ದೊರೆಯದಿದ್ದರೆ ಸಿಪ್ಪೆ ಆರು, ಇದ್ದಿಲು ಮೂರು, ಇಟ್ಟಿಗೆ ಒಂದು. ಇದರಲ್ಲೂ ಗಿಡ ಬದುಕುತ್ತದೆ, ಆದರೆ ನೀರು ಹಾಕುವ ಕೈ ಹಿಡಿತದಲ್ಲಿರಬೇಕು. ದಿನದಲ್ಲಿ ಹತ್ತು ಸಲ ಗಿಡ ನೋಡಿಕೊಳ್ಳುವವರಿಗೂ, ವಾರಕ್ಕೊಮ್ಮೆ ನೆನಪಾಗುವವರಿಗೂ ಒಂದೇ ಮಿಶ್ರಣ ಹೊಂದುವುದಿಲ್ಲ. ಕೈ ಧಾರಾಳವಿದ್ದವರು ಇದ್ದಿಲು ಹೆಚ್ಚಿಸಿ, ಮರೆವಿನವರು ಸಿಪ್ಪೆ ಹೆಚ್ಚಿಸಿ. ಪಾಚಿಯನ್ನು, ಅಂದರೆ ಸ್ಫ್ಯಾಗ್ನಮ್ ಎಂಬ ಒಣ ಪಾಚಿಯನ್ನು, ಬೇರು ಕಳೆದುಕೊಂಡ ಗಿಡದ ಚಿಕಿತ್ಸೆಗೆ ಮಾತ್ರ ಇಟ್ಟುಕೊಳ್ಳಿ. ಗಡುಸು ನೀರು ಹಾಕಿದರೆ ಅದು ಬೇಗ ಹಾಳಾಗುತ್ತದೆ.

ಕುಂಡ ಮಣ್ಣಿನದೋ, ಪ್ಲಾಸ್ಟಿಕ್ಕಿನದೋ? ಮಣ್ಣಿನ ಕುಂಡ ಹರಿವಿಯಂತೆ ಬೆವರಿ ತಂಪಾಗಿರುತ್ತದೆ, ಆದರೆ ಆ ಬೆವರಿನಲ್ಲೇ ಗಿಡದ ನೀರೂ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಪ್ಲಾಸ್ಟಿಕ್ ನೀರು ಉಳಿಸುತ್ತದೆ, ಆದರೆ ಬಿಸಿಯಾಗುತ್ತದೆ. ಎರಡನ್ನೂ ಸೇರಿಸಿ ನೋಡಿ: ನಾಲ್ಕು ಇಂಚಿನ ಪ್ಲಾಸ್ಟಿಕ್ ಕುಂಡವನ್ನು ಏಳೆಂಟು ಇಂಚಿನ ಮಣ್ಣಿನ ಕುಂಡದೊಳಗೆ, ಇಟ್ಟಿಗೆ ಚೂರಿನ ಮೇಲೆ ಎತ್ತರಿಸಿ ಇಟ್ಟು, ಸುತ್ತಲಿನ ಸಂದಿಗೆ ಒದ್ದೆ ಮರಳು ತುಂಬಿ. ಗಾಳಿ 42 ಡಿಗ್ರಿ ಇದ್ದು ಆರ್ದ್ರತೆ ನೂರಕ್ಕೆ 20 ಇದ್ದಾಗ, ಆವಿಯಾಗುವ ನೀರು ತಾತ್ವಿಕವಾಗಿ 24 ಡಿಗ್ರಿಯ ಆಸುಪಾಸಿನವರೆಗೆ ತಂಪು ತರಬಲ್ಲದು. ಕುಂಡದಲ್ಲಿ ಅಷ್ಟು ಆಗುವುದಿಲ್ಲ, ಆದರೂ ಕೈಯಿಟ್ಟರೆ ತಿಳಿಯುವಷ್ಟು ಆಗುತ್ತದೆ. ಒಳಗಿನ ಕುಂಡದ ತೂತು ಮಾತ್ರ ನೀರಿನಲ್ಲಿ ನಿಲ್ಲಬಾರದು. ಮಳೆಗಾಲ ಬಂದೊಡನೆ ಮರಳು ತೆಗೆಯಿರಿ. ಮನೆಯ ಕೂಲರಿನ ಎದುರಿಗೆ ಗಿಡ ಇಡಬೇಡಿ, ಅದೇ ಕೋಣೆಯ ಇನ್ನೊಂದು ಮೂಲೆ ಉತ್ತಮ. ಪೂರ್ವದ ಕಿಟಕಿಯ ಬೆಳಗಿನ ಎಳೆಬಿಸಿಲು ಸಾಕು.

ಈಗ ನೀರು. ನನ್ನ ಅನುಭವದಲ್ಲಿ ಎಷ್ಟೇ ಒಳ್ಳೆಯ ಮಿಶ್ರಣವನ್ನೂ ಒಂದು ವರ್ಷದಲ್ಲಿ ಹಾಳು ಮಾಡುವುದು ಕೊಳವೆಬಾವಿಯ ನೀರು. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ, ಸುಣ್ಣದಿಂದ ಮಿಶ್ರಣ ಕ್ಷಾರವಾಗುತ್ತದೆ. ಆಗ ಕಬ್ಬಿಣವಿದ್ದರೂ ಬೇರಿಗೆ ದಕ್ಕದೆ ಹೊಸ ಎಲೆ ಬಿಳಿಚಿಕೊಳ್ಳುತ್ತದೆ. ಮಳೆನೀರು ಹಿಡಿದಿಡಿ. ಲೆಕ್ಕ ಬಹಳ ಸುಲಭ: ವಾರಕ್ಕೆ ಎರಡು ಸಲ ಅರ್ಧ ಲೀಟರಿನಂತೆ ಹಾಕಿದರೆ ಒಂದು ಕುಂಡಕ್ಕೆ ವರ್ಷಕ್ಕೆ 52 ಲೀಟರ್. ಹತ್ತು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಬರುವುದು 100 ಲೀಟರ್. ಒಂದೇ ಒಳ್ಳೆಯ ಮಳೆ ಎರಡು ಗಿಡದ ವರ್ಷದ ಸಂಸಾರ ನಡೆಸುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ, ಸೊಳ್ಳೆಗೆ ನಾವು ಮನೆ ಕಟ್ಟಿಕೊಡುವುದು ಬೇಡ. ಮಳೆನೀರು ಮುಗಿದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಒಂಬತ್ತು ಪಾಲಿಗೆ ಕೊಳವೆಬಾವಿಯ ನೀರು ಒಂದು ಪಾಲು ಬೆರೆಸಿ. ಸ್ವಲ್ಪ ಸುಣ್ಣ ಗಿಡಕ್ಕೂ ಬೇಕು. ಗೊಬ್ಬರವೆಂದರೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಕಾಲು ಭಾಗ, ತಿಂಗಳಿಗೆರಡು ಬಾರಿ.

ಚಿತ್ರೀಕರಣಕ್ಕೆಂದು ಹುಮನಾಬಾದ ರಸ್ತೆಯಲ್ಲಿ ಹೋದಾಗ ಮಹಾಗಾಂವದಲ್ಲಿ ಇಳಿದು ಆ ಶಿಕ್ಷಕಿಯ ಮನೆಗೂ ಹೋದೆವು. ಕುಂಡದಲ್ಲಿದ್ದದ್ದು ಕೆಂಪು ಮಣ್ಣು, ಮರಳು, ಗೊಬ್ಬರ. ತಳದಲ್ಲಿ ಎರಡು ಇಂಚು ಜಲ್ಲಿ. ಅವರು ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ ಗಿಡವನ್ನು ತಾವೇ ಬಿಡಿಸಿದರು. ಕಂದು ಬಣ್ಣದ ರೋಮವುಳ್ಳ ಬೇರುಗಳನ್ನು ಕಂಡು "ಎಲ್ಲಾ ಕೊಳ್ತಾವಲ್ರೀ" ಎಂದು ಕತ್ತರಿ ಎತ್ತಿಕೊಂಡರು. ನಾನು ತಡೆದೆ. ಚಪ್ಪಲಿ ಆರ್ಕಿಡ್ಡಿನ ಆರೋಗ್ಯವಂತ ಬೇರೂ ಕಂದಾಗಿಯೇ, ರೋಮ ರೋಮವಾಗಿಯೇ ಇರುತ್ತದೆ. ಬಣ್ಣ ನೋಡಿ ತೀರ್ಪು ಕೊಡಬಾರದು, ಎರಡು ಬೆರಳಿನಿಂದ ಹಿಸುಕಿ ನೋಡಬೇಕು. ಗಟ್ಟಿಯಿದ್ದರೆ ಜೀವವಿದೆ, ಟೊಳ್ಳಾಗಿ ಸಿಪ್ಪೆ ಜಾರಿದರೆ ಸತ್ತಿದೆ. ಒಂಬತ್ತರಲ್ಲಿ ಎರಡು ಬೇರು ಗಟ್ಟಿಯಿದ್ದವು. ಸತ್ತವನ್ನು ಮಾತ್ರ ಕತ್ತರಿಸಿ, ಒಂದು ದಿನ ನೆರಳಿನಲ್ಲಿ ಇಟ್ಟು, ಮೂರು ಇಂಚಿನ ಚಿಕ್ಕ ಕುಂಡದಲ್ಲಿ ನೆಡಲು ಹೇಳಿದೆ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಿಶ್ರಣ ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. ಎಲೆಗಳ ಬುಡ ಒಂದು ಸೆಂಟಿಮೀಟರಿನಷ್ಟು ಮಿಶ್ರಣದೊಳಗೆ ಇರಬೇಕು. ಹೊಸ ಬೇರು ಹೊರಡುವುದು ಅಲ್ಲಿಂದಲೇ, ಒಣ ಗಾಳಿಗೆ ತೆರೆದಿದ್ದರೆ ಮೊಳಕೆಯಲ್ಲೇ ನಿಲ್ಲುತ್ತದೆ. ಮೂರು ಕವಲುಗಳಿದ್ದ ಗಿಡವನ್ನು ಅವರು ಮೂರು ಕುಂಡ ಮಾಡಿ ಒಂದನ್ನು ಮಗಳಿಗೆ ಕಳಿಸಬೇಕೆಂದಿದ್ದರು. ಬೇಡವೆಂದೆ. ಒಂಟಿ ಕವಲು ಚೇತರಿಸಿಕೊಳ್ಳುವುದು ಕಷ್ಟ.

ಕುಂಡ ಬದಲಿಸುವ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಕಾಲ ಕಾರಹುಣ್ಣಿಮೆ ಕಳೆದು ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಮುಟ್ಟಬೇಡಿ. ಹೂವಿದ್ದಾಗಲೂ ಬೇಡ. ವರ್ಷಕ್ಕೊಮ್ಮೆ, ತೀರಾ ತಡವೆಂದರೆ ಒಂದೂವರೆ ವರ್ಷಕ್ಕೊಮ್ಮೆ, ಮಿಶ್ರಣ ಪೂರ್ತಿ ಬದಲಾಗಬೇಕು.

ಹೊಸದಾಗಿ ಕೊಳ್ಳುವವರಿಗೆ ಒಂದೆರಡು ಮಾತು. ಎಲೆಯ ಮೇಲೆ ಹಾವಿನ ಪೊರೆಯಂತೆ ಚಿತ್ತಾರವಿರುವ ಜಾತಿಗಳು ಸೆಖೆಯನ್ನು ಹೆಚ್ಚು ತಡೆಯುತ್ತವೆ; 1900ರಿಂದ ಪ್ರಚಾರದಲ್ಲಿರುವ ಮೌಡಿಯೆ ಎಂಬ ಮಿಶ್ರತಳಿ ಮತ್ತು ಅದರ ಬಳಗ ಇಂಥವು. ಹಸಿರು ಎಲೆಯವಕ್ಕೆ ಹೂ ಬಿಡಲು ತಂಪು ರಾತ್ರಿಗಳು ಬೇಕು. ಕಾಡಿನಿಂದ ಕಿತ್ತು ತಂದ ಗಿಡವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಚಪ್ಪಲಿ ಆರ್ಕಿಡ್ಡುಗಳು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿವೆ, 2022ರ ತಿದ್ದುಪಡಿಯ ನಂತರವೂ ರಕ್ಷಣೆ ಮುಂದುವರಿದಿದೆ. ಅಂತಾರಾಷ್ಟ್ರೀಯ ವ್ಯಾಪಾರದಲ್ಲೂ ಇಡೀ ಕುಲಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಪರವಾನಗಿ ಇರುವ ನರ್ಸರಿಯಲ್ಲಿ, ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ಮಿಶ್ರತಳಿಯನ್ನೇ ಕೇಳಿ, ರಸೀದಿ ಇಟ್ಟುಕೊಳ್ಳಿ.

ಮಹಾಗಾಂವದಿಂದ ಮೊನ್ನೆ ಮತ್ತೊಂದು ಪತ್ರ ಬಂದಿದೆ. ಹಳೆಯ ಕವಲುಗಳಲ್ಲಿ ಒಂದು ಹೋಯಿತಂತೆ. ಉಳಿದವುಗಳ ಬುಡದಲ್ಲಿ ಹೆಬ್ಬೆರಳಿನಷ್ಟು ಹೊಸ ಚಿಗುರು ಬಂದಿದೆ, ಅದರ ಎಲೆಯ ಚಿತ್ತಾರ ಸ್ಪಷ್ಟವಾಗಿದೆ. ಹೂವು ಈ ವರ್ಷ ಬರಲಾರದು. ಹೊಸ ಚಿಗುರು ಬೆಳೆದು ತುಂಬಿಕೊಂಡ ಮೇಲೆಯೇ ಅದರ ನಡುವಿನಿಂದ ಮೊಗ್ಗು ಏಳುತ್ತದೆ ಎಂದು ಅವರಿಗೆ ಬರೆದಿದ್ದೇನೆ. ಮುಂದಿನ ಮಳೆಗಾಲದ ಬದಲಾವಣೆಗೆಂದು ಇದ್ದಿಲನ್ನು ಈಗಲೇ ಒಡೆದು, ತೊಳೆದು, ಮಾಳಿಗೆಯ ಮೇಲೆ ಒಣಗಲು ಹಾಕಿದ್ದಾರಂತೆ.